ಸಹಾಯ ಬೇಕು: ಸಿಂಥೆಟಿಕ್ ಟ್ರ್ಯಾಕ್‌ನಲ್ಲಿ ಉದ್ದಜಿಗಿತದ ಓಟದ ಅಳತೆ ತಪ್ಪುತ್ತಿದೆ

ನಮಸ್ಕಾರ. ಪದವಿ ಕಾಲೇಜೊಂದರ ದೈಹಿಕ ಶಿಕ್ಷಣ ನಿರ್ದೇಶಕನಾದ ನಾನು, ನಮ್ಮ ಉದ್ದಜಿಗಿತದ ವಿದ್ಯಾರ್ಥಿನಿಯೊಬ್ಬಳ ವಿಷಯದಲ್ಲಿ ದಿಕ್ಕು ತೋಚದೆ ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಮಣ್ಣಿನ ಮೈದಾನದಲ್ಲಿ 16 ಹೆಜ್ಜೆ ಓಡಿ ಬಂದು ಜಿಗಿಯಲು ಕಾಲೂರುವ 20 ಸೆಂಟಿಮೀಟರ್ ಅಗಲದ ಹಲಗೆಯ ಮೇಲೆ ಸರಿಯಾಗಿ ಕಾಲಿಡುವ ಆಕೆ, ಸ್ಪೈಕ್ಸ್ (ಅಡಿಯಲ್ಲಿ ಮೊಳೆಗಳಿರುವ ಶೂ) ತೊಟ್ಟು ಸಿಂಥೆಟಿಕ್ ಟ್ರ್ಯಾಕ್‌ಗೆ ಇಳಿದೊಡನೆ ಹೆಜ್ಜೆ ಹಿಗ್ಗಿ ಗೇಣುದ್ದ ಮುಂದೆ ತುಳಿಯುತ್ತಾಳೆ. ಕಳೆದ ಅಂತರಕಾಲೇಜು ಕೂಟದಲ್ಲಿ ಮೊದಲ ಮೂರು ಪ್ರಯತ್ನಗಳೂ ಫೌಲ್ ಆದವು. ಮೂರನೆಯ ಸಲ ಕೆಂಪು ಬಾವುಟ ಎದ್ದಾಗ ಆಕೆ ಮರಳಿನಲ್ಲೇ ಕುಳಿತುಬಿಟ್ಟಳು. ಆರಂಭದ ಗುರುತನ್ನು ಒಂದು ಗೇಣು ಹಿಂದಕ್ಕೆ ಸರಿಸಿದರೆ, ಹಲಗೆ ಎಟುಕದೆಂಬ ಅಳುಕಿನಿಂದ ಕೊನೆಯ ಹೆಜ್ಜೆಯನ್ನು ಚಾಚಿ ವೇಗವನ್ನೇ ಕಳೆದುಕೊಳ್ಳುತ್ತಾಳೆ. ಕೊನೆಯ ನಾಲ್ಕು ಹೆಜ್ಜೆಗಳಿಗೆ ನಡುಗುರುತು ಇಟ್ಟಾಗ ಕಣ್ಣು ನೆಲಕ್ಕೇ ಅಂಟಿಕೊಂಡಿತು. ಕೂಟಕ್ಕೆ ಮುನ್ನ ಒಂದೇ ದಿನ ಸಿಂಥೆಟಿಕ್ ಟ್ರ್ಯಾಕ್ ಸಿಗುವ ನಮ್ಮಂಥವರು ಗುರುತನ್ನು ಇನ್ನೂ ಹಿಂದಕ್ಕೆ ಒಯ್ಯಬೇಕೆ, ಅಥವಾ ಅದನ್ನು ಹಾಗೆಯೇ ಬಿಟ್ಟು ಮೊದಲ ಆರು ಹೆಜ್ಜೆಗಳ ಲಯವನ್ನು ತಿದ್ದಬೇಕೆ?