ಸಹಾಯ ಬೇಕು: ಕಲಾಂಗ್ ಜಲಪಾತದಲ್ಲಿ ಹಗ್ಗ ಸಿಕ್ಕಿಕೊಂಡಿದೆ

ಸಿಡ್ನಿ ಕನ್ನಡಿಗರೇ, ನಮಸ್ಕಾರ. ಶನಿವಾರ ನಾವು ನಾಲ್ವರು ಗೆಳೆಯರು ಕನಂಗ್ರಾ-ಬಾಯ್ಡ್ ನ್ಯಾಷನಲ್ ಪಾರ್ಕ್‌ಗೆ ಹೋಗಿ, ಕಲಾಂಗ್ ಜಲಪಾತವನ್ನು ಹಗ್ಗ ಕಟ್ಟಿ ಹಂತಹಂತವಾಗಿ ಇಳಿದೆವು. ಕುರುಚಲು ಪೊದೆಯಲ್ಲಿ ನುಗ್ಗಿ ಮೊಣಕಾಲೆಲ್ಲ ಗೀರು. ಅದು ಬಿಡಿ, ಇದ್ದದ್ದೇ. ಕೊನೆಯ ಇಳಿತ ಮುಗಿಸಿ, ಹಗ್ಗ ವಾಪಸ್ ತೆಗೆಯೋಣ ಅಂತ ಕೆಳಗಿನಿಂದ ಎಳೆದರೆ ಬರಲೇ ಇಲ್ಲ! ಎರಡು 60 ಮೀಟರ್ ಹಗ್ಗ ಸೇರಿಸಿದ ಗಂಟು ಮೇಲೆ ಬಂಡೆಯ ಸೀಳಿನಲ್ಲಿ ಕಚ್ಚಿಕೊಂಡಿದೆ. ನಾಲ್ವರೂ ಜೋತುಬಿದ್ದು ಎಳೆದೆವು, ಒಂದಿಂಚೂ ಅಲುಗಲಿಲ್ಲ. ಅದನ್ನೇ ಹಿಡಿದು ಹತ್ತುವ ಹುಚ್ಚುತನ ಮಾಡಲಿಲ್ಲ, ಬಿಟ್ಟು ಬಂದೆವು. ಒಂದು ಹಗ್ಗ ಸಾಲ ತಂದದ್ದು ಬೇರೆ!

ಮುಂದಿನ ವಾರ ಮತ್ತೆ ಮೇಲಿಂದ ಇಳಿದು ಬಿಡಿಸಬೇಕು. ಕ್ಯಾನಿಯನಿಂಗ್‌ನಲ್ಲಿ (ಹಗ್ಗ ಹಿಡಿದು ಕಮರಿ, ಜಲಪಾತ ಇಳಿಯುವುದು) ಚೆನ್ನಾಗಿ ಪಳಗಿದವರು ಯಾರಾದರೂ ಜೊತೆಗೆ ಬರ್ತೀರಾ? ಎರಡು ಉದ್ದನೆ ಹಗ್ಗವೂ ಬೇಕು. ಅಲ್ಲಿ ಮೊಬೈಲ್ ಸಿಗ್ನಲ್ ಇಲ್ಲ, ತುರ್ತು ಬೀಕನ್ (ಉಪಗ್ರಹದ ಮೂಲಕ ಸಹಾಯ ಕೇಳುವ ಸಾಧನ) ನಾವು ತರುತ್ತೇವೆ. ಪೆಟ್ರೋಲ್, ಚಿತ್ರಾನ್ನ ನಮ್ಮದೇ. ಇನ್‌ಬಾಕ್ಸ್ ಮಾಡಿ.