ಉಗಾಂಡಾಕ್ಕೆ ಎರಡು ವಾರದ ಮಿಷನ್ ಟ್ರಿಪ್: ಬಲ್ಲವರು ಹೇಳಿ

ಪ್ರಶ್ನೆ

ಮಂಗಳೂರಿನ ನಮ್ಮ ಸಭೆಯ ಯೂತ್‌ನವರು 11 ಜನ ಉಗಾಂಡಾದ ಮಸಾಕಾ ಹತ್ತಿರದ ಒಂದು ಹಳ್ಳಿ ಸಭೆಗೆ ಎರಡು ವಾರ ಹೋಗಬೇಕೆಂದಿದ್ದೇವೆ. ಏಪ್ರಿಲ್-ಮೇ ರಜೆಯಲ್ಲಿ. ವಿಬಿಎಸ್ (ಮಕ್ಕಳ ರಜಾ ಬೈಬಲ್ ಶಾಲೆ), ಒಂದು ದಿನದ ಮೆಡಿಕಲ್ ಕ್ಯಾಂಪ್, ಶಾಲೆಗೆ ಪೇಂಟಿಂಗ್, ಇಷ್ಟು ಪ್ಲಾನ್. ಇಬ್ಬರು ನರ್ಸಿಂಗ್ ವಿದ್ಯಾರ್ಥಿನಿಯರಿದ್ದಾರೆ, ಡಾಕ್ಟರ್ ಯಾರೂ ಇಲ್ಲ. ಇಂಜೆಕ್ಷನ್, ಲಗೇಜು, ದುಡ್ಡು, ಯಾವುದನ್ನು ಮೊದಲು ನೋಡಿಕೊಳ್ಳಬೇಕು?

ಟ್ರಾವೆಲ್ ಕ್ಲಿನಿಕ್ ನರ್ಸ್

ಮೊದಲು ಯೆಲ್ಲೋ ಫೀವರ್ (ಹಳದಿ ಜ್ವರ) ಲಸಿಕೆ. ಟಿಕೆಟ್‌ಗಿಂತ ಮೊದಲೇ. ಕಾರ್ಡ್ ಇಲ್ಲದಿದ್ದರೆ ಉಗಾಂಡಾ ಒಳಗೆ ಬಿಡುವುದಿಲ್ಲ. ಹೇಗೋ ಹೋಗಿ ಬಂದರೂ ವಾಪಸ್ ಬರುವಾಗ ನಮ್ಮದೇ ಏರ್‌ಪೋರ್ಟ್ ಆರೋಗ್ಯಾಧಿಕಾರಿಗಳು 6 ದಿನದವರೆಗೆ ಕ್ವಾರಂಟೈನ್ ಮಾಡಬಹುದು. ಒಂದೇ ಡೋಸ್. ಹಾಕಿಸಿಕೊಂಡು 10 ದಿನವಾದ ಮೇಲೆ ಸರ್ಟಿಫಿಕೇಟ್‌ಗೆ ಬೆಲೆ, 2016ರಿಂದ ಅದು ಜೀವಮಾನವಿಡೀ ನಡೆಯುತ್ತದೆ. ಯಾವುದೋ ಖಾಸಗಿ ಆಸ್ಪತ್ರೆಯಲ್ಲಿ ಹಾಕಿಸಿಕೊಂಡು ಚೀಟಿ ತಂದರೆ ಆಗದು. ಕೇಂದ್ರ ಆರೋಗ್ಯ ಸಚಿವಾಲಯದ ಪಟ್ಟಿಯಲ್ಲಿರುವ ಕೇಂದ್ರವೇ ಆಗಬೇಕು. ಈ ಲಸಿಕೆ ಬಹುಡೋಸ್ ವಯಲ್‌ನಲ್ಲಿ ಬರುತ್ತದೆ, ತೆರೆದರೆ 6 ಗಂಟೆಯೊಳಗೆ ಮುಗಿಸಬೇಕು. ಹಾಗಾಗಿ ಕೇಂದ್ರಗಳು ವಾರದ ನಿಗದಿತ ದಿನ, ಅಪಾಯಿಂಟ್‌ಮೆಂಟ್ ಇದ್ದವರಿಗೆ ಮಾತ್ರ ಹಾಕುತ್ತವೆ. 11 ಜನ ಒಟ್ಟಿಗೆ ಬುಕ್ ಮಾಡಿದರೆ ಅವರಿಗೂ ಅನುಕೂಲ. ಕಾರ್ಡಿನ ಹೆಸರು, ಪಾಸ್‌ಪೋರ್ಟ್ ಸಂಖ್ಯೆ ಅಲ್ಲೇ ನಿಂತು ತಾಳೆ ನೋಡಿ. ನಿಮ್ಮ ಸಹಿಯ ಜಾಗ ಖಾಲಿ ಬಿಡಬೇಡಿ.

ಮೊಟ್ಟೆಯ ತೀವ್ರ ಅಲರ್ಜಿ, ರೋಗನಿರೋಧಕ ಶಕ್ತಿ ಕುಗ್ಗಿಸುವ ಔಷಧ, ಗರ್ಭ, 60 ದಾಟಿದ ವಯಸ್ಸು ಇದ್ದರೆ ಮೊದಲು ಡಾಕ್ಟರ ಹತ್ತಿರ ಮಾತಾಡಿ. ಇದು ದುರ್ಬಲಗೊಳಿಸಿದ ಜೀವಂತ ವೈರಸ್ಸಿನ ಲಸಿಕೆ; ಎಂಎಂಆರ್‌ನಂಥ (ದಡಾರ, ಮಂಗನಬಾವು, ರುಬೆಲ್ಲಾದ್ದು) ಇನ್ನೊಂದು ಜೀವಂತ ಲಸಿಕೆ ಬೇಕಿದ್ದರೆ ಅದೇ ದಿನ ಹಾಕಿಸಿ, ಇಲ್ಲವೇ 4 ವಾರ ಬಿಡಿ. ಟೈಫಾಯ್ಡ್, ಹೆಪಟೈಟಿಸ್ ಎ, ಟಿಟಿ ಇದ್ದರೆ ಒಳ್ಳೆಯದು.

ಇನ್ನು ಮಲೇರಿಯಾ. ಇಲ್ಲಿ ಮಂಗಳೂರಿನವರಿಗೇ ಒಂದು ಅಪಾಯ ಜಾಸ್ತಿ: "ಮಲೇರಿಯಾ ನಮಗೇನು ಹೊಸತಾ" ಎಂಬ ಧೈರ್ಯ. ನಮ್ಮೂರಲ್ಲಿ ಹೆಚ್ಚಾಗಿ ಕಾಣುವುದು ವೈವ್ಯಾಕ್ಸ್ ಎಂಬ ಬಗೆಯ ಮಲೇರಿಯಾ. ಅಲ್ಲಿರುವುದು ಮುಖ್ಯವಾಗಿ ಫಾಲ್ಸಿಪ್ಯಾರಂ. ಎರಡು ದಿನ ತಡ ಮಾಡಿದರೆ ಮಿದುಳು, ಕಿಡ್ನಿಗೆ ಹೋಗುವಂಥದ್ದು. ಕ್ಲೋರೋಕ್ವಿನ್ ಅದಕ್ಕೆ ನಾಟುವುದಿಲ್ಲ. ತಡೆಗೆ ಸಾಮಾನ್ಯವಾಗಿ ಬರೆದುಕೊಡುವುದು ಡಾಕ್ಸಿಸೈಕ್ಲಿನ್ 100 ಮಿಗ್ರಾಂ, ದಿನಕ್ಕೊಂದು. ಹೊರಡುವ 2 ದಿನ ಮೊದಲು ಶುರು, ಅಲ್ಲಿ 14 ದಿನ, ಬಂದ ಮೇಲೆ 28 ದಿನ: ತಲೆಗೆ 44 ಮಾತ್ರೆ. ಊರಿಗೆ ಬಂದ ಕೂಡಲೇ ನಿಲ್ಲಿಸುವುದೇ ಎಲ್ಲರೂ ಮಾಡುವ ಎಡವಟ್ಟು. ಊಟದ ಜೊತೆ, ದೊಡ್ಡ ಲೋಟ ನೀರಿನಲ್ಲಿ ನುಂಗಿ, ಅರ್ಧ ಗಂಟೆ ಮಲಗಬೇಡಿ. ಅನ್ನನಾಳದಲ್ಲಿ ಅಂಟಿದರೆ ಹುಣ್ಣಾಗುತ್ತದೆ. ಬಿಸಿಲಿಗೆ ಚರ್ಮ ಬೇಗ ಸುಡುತ್ತದೆ, ಟೋಪಿ ಇರಲಿ. ಅಟೋವಕ್ವೋನ್-ಪ್ರೊಗ್ವಾನಿಲ್ ಆದರೆ ಬಂದ ಮೇಲೆ 7 ದಿನ ಸಾಕು, ಆದರೆ ಅದು ಎಲ್ಲ ಮೆಡಿಕಲ್‌ಗಳಲ್ಲಿ ಸಿಗುವುದಿಲ್ಲ. ಯಾವ ಮಾತ್ರೆಯಾದರೂ ಸರಿ, ಡಾಕ್ಟರ ಚೀಟಿಯಲ್ಲೇ ತಗೊಳ್ಳಿ.

ಬಂದ ಮೇಲೆ ಮೂರು ತಿಂಗಳೊಳಗೆ ಜ್ವರ ಬಂದರೆ ಅದೇ ದಿನ ರಕ್ತಪರೀಕ್ಷೆ ಮಾಡಿಸಿ. "ಉಗಾಂಡಾಕ್ಕೆ ಹೋಗಿದ್ದೆ" ಅನ್ನುವುದನ್ನು ಡಾಕ್ಟರು ಕೇಳುವ ಮೊದಲೇ ಹೇಳಿ.

ಮತ್ತೆ, ವಿಕ್ಟೋರಿಯಾ ಸರೋವರದಲ್ಲಿ ಕಾಲು ಇಳಿಬಿಡುವುದೂ ಬೇಡ. ಬಸವನಹುಳುವಿನಿಂದ ಬರುವ ಬಿಲ್ಹಾರ್ಜಿಯಾ ಹುಳು ಚರ್ಮದ ಮೂಲಕವೇ ಒಳಗೆ ಹೋಗುತ್ತದೆ. ಅಲ್ಲಿ ಕೆಲವು ಸಭೆಗಳು ಸರೋವರದಲ್ಲೇ ದೀಕ್ಷಾಸ್ನಾನ ಕೊಡುತ್ತವೆ, ಸಹಾಯಕ್ಕೆ ನೀರಿಗಿಳಿಯಲು ನಿಮ್ಮನ್ನೂ ಕರೆದಾರು. ದಡದಲ್ಲಿ ನಿಂತು ಹಾಡಿ, ಸಾಕು.

ಕಂಪಾಲಾ ಕನ್ನಡಿಗ

ನರ್ಸ್ ಅಕ್ಕ ಹೇಳಿದ್ದೆಲ್ಲ ಸರಿ. ನನ್ನ ತಕರಾರು ಪ್ಲಾನ್ ಬಗ್ಗೆ.

ತಿಂಗಳೇ ಸರಿಯಿಲ್ಲ. ಮಾರ್ಚ್‌ನಿಂದ ಮೇವರೆಗೆ ಇಲ್ಲಿ ದೊಡ್ಡ ಮಳೆ. ಡಾಂಬರು ರಸ್ತೆ ಬಿಟ್ಟು ಹಳ್ಳಿ ಕಡೆ ತಿರುಗಿದರೆ ಕೆಂಪು ಮೊರಂ ರಸ್ತೆ, ಒಂದು ಮಳೆಗೆ ವ್ಯಾನ್ ಅಡ್ಡಡ್ಡ ಜಾರುತ್ತದೆ. ಏಪ್ರಿಲ್‌ನಲ್ಲಿ ಬಂದರೆ ಮಕ್ಕಳಿಗೆ ಶಾಲೆ ಇರುತ್ತದೆ. ಮೊದಲ ಟರ್ಮ್ ಮುಗಿದು ಮೇನಲ್ಲಿ ರಜೆ ಬಿಟ್ಟಾಗ ವಿಬಿಎಸ್‌ಗೆ ಮಕ್ಕಳು ಸಿಗುತ್ತಾರೆ, ಆದರೆ ಗೋಡೆ ಒದ್ದೆ. ಒದ್ದೆ ಗೋಡೆಗೆ ಬಣ್ಣ ಹೊಡೆದರೆ ಮುಂದಿನ ಟರ್ಮಿಗೆ ಹಪ್ಪಳದ ಹಾಗೆ ಎದ್ದು ಬರುತ್ತದೆ. ಬೇರೆ ತಿಂಗಳು ಆಗುವುದೇ ಇಲ್ಲವೆಂದರೆ ಮೇ ಇಟ್ಟುಕೊಳ್ಳಿ, ಹೊರಗೋಡೆ ಕೈಬಿಡಿ, ಒಳಗೋಡೆ ಮಾತ್ರ ಹಿಡಿಯಿರಿ. ಹೊಸ ಪ್ಲಾಸ್ಟರ್ ಆಗಿದ್ದರೆ ಕನಿಷ್ಠ 28 ದಿನ ಒಣಗಿರಬೇಕು. ಜೂನ್ 3 ಉಗಾಂಡಾ ಹುತಾತ್ಮರ ದಿನ. ಕಂಪಾಲಾ ಪಕ್ಕದ ನಮುಗೊಂಗೊ ಪುಣ್ಯಕ್ಷೇತ್ರಕ್ಕೆ ಲಕ್ಷಾಂತರ ಜನ ನಡೆದೇ ಬರುತ್ತಾರೆ. ವಾಪಸ್ ವಿಮಾನ ಅದರ ಆಸುಪಾಸಿಗೆ ಬೀಳದಂತೆ ನೋಡಿಕೊಳ್ಳಿ.

ಪೇಂಟ್ ಲೆಕ್ಕ: 6×7 ಮೀಟರ್ ಕ್ಲಾಸ್‌ರೂಮ್, 3 ಮೀಟರ್ ಎತ್ತರ ಅಂದುಕೊಳ್ಳಿ. ಗೋಡೆ 78 ಚದರ ಮೀಟರ್, ಕಿಟಕಿ ಬಾಗಿಲು ಕಳೆದರೆ 65ರಷ್ಟು. ಲೀಟರಿಗೆ ಒಂದು ಕೋಟ್ 10 ಚದರ ಮೀಟರ್ ಹಿಡಿದರೆ ಎರಡು ಕೋಟಿಗೆ ಒಟ್ಟು 13 ಲೀಟರ್ ಬಣ್ಣ, ಪ್ರೈಮರ್ ಬೇರೆ. ಮೇಲೆ ಎಮಲ್ಶನ್, ಕೆಳಗಿನ ನಾಲ್ಕಡಿ ಮಾತ್ರ ಆಯಿಲ್ ಪೇಂಟ್, ಮಕ್ಕಳ ಕೈ ತಾಗುವ ಜಾಗ, ಒರೆಸಬಹುದು. ಎಲ್ಲವನ್ನೂ ಮಸಾಕಾ ಪೇಟೆಯಲ್ಲೇ ಕೊಳ್ಳಿ. ಊರಿನ ಪೇಂಟರ್ ಒಬ್ಬರಿಗೆ ಕೂಲಿ ಕೊಟ್ಟು ಮೇಸ್ತ್ರಿ ಮಾಡಿ, ನೀವು ಅವರ ಕೈಕೆಳಗೆ ಕೆಲಸ ಮಾಡಿ. 11 ಜನ ಒಂದು ರೂಮಿಗೆ ನುಗ್ಗಿದರೆ ಬಣ್ಣ ನೆಲಕ್ಕೇ ಜಾಸ್ತಿ. ನಾಲ್ವರು ಸಾಕು.

ಮೆಡಿಕಲ್ ಕ್ಯಾಂಪ್ ಬಿಟ್ಟುಬಿಡಿ. ಒರಟಾಗಿ ಹೇಳಿದೆ ಅನ್ನಬೇಡಿ. ಇಲ್ಲಿ ಚಿಕಿತ್ಸೆ ಕೊಡಲು ಹೊರದೇಶದ ಡಾಕ್ಟರಿಗೇ ಇಲ್ಲಿನ ವೈದ್ಯಕೀಯ ಕೌನ್ಸಿಲ್‌ನ ತಾತ್ಕಾಲಿಕ ನೋಂದಣಿ ಬೇಕು. ನರ್ಸಿಂಗ್ ವಿದ್ಯಾರ್ಥಿನಿಯರು ಮಂಗಳೂರಲ್ಲಿ ಒಬ್ಬರೇ ನಿಂತು ಏನು ಮಾಡುವ ಹಾಗಿಲ್ಲವೋ ಇಲ್ಲೂ ಅದನ್ನು ಮಾಡುವ ಹಾಗಿಲ್ಲ. ವೈದ್ಯಕೀಯ ತರಬೇತಿ ಇಲ್ಲದ ಅಮೆರಿಕದ ಮಿಷನರಿಯೊಬ್ಬರ ಮೇಲೆ ಇಲ್ಲಿನ ಜಿಂಜಾ ಪಟ್ಟಣದಲ್ಲಿ 2019ರಲ್ಲಿ, ಅವರ ಕೇಂದ್ರದಲ್ಲಿ ತೀರಿಹೋದ ಮಕ್ಕಳ ತಾಯಂದಿರು ಕೋರ್ಟಿಗೆ ಹೋದರು. ಆಮೇಲಿಂದ ಈ ವಿಷಯದಲ್ಲಿ ಜನ ಸೂಕ್ಷ್ಮವಾಗಿದ್ದಾರೆ, ಇರಬೇಕಾದ್ದೇ. ಔಷಧಿ ಮೂಟೆ ಕಟ್ಟಿ ತರುವುದೂ ಬೇಡ. ದಾನದ ಔಷಧಿಗೆ ಇಲ್ಲಿನ ಔಷಧ ಪ್ರಾಧಿಕಾರದ ಅನುಮತಿ ಬೇಕು, ತಲುಪುವಾಗ ಒಂದು ವರ್ಷವಾದರೂ ಅವಧಿ ಉಳಿದಿರಬೇಕು ಎನ್ನುವುದು ಡಬ್ಲ್ಯುಎಚ್‌ಒ ಸೂತ್ರ. ಅಷ್ಟಕ್ಕೂ ಇಲ್ಲಿನ ಫಾರ್ಮಸಿಗಳಲ್ಲಿ ಇರುವುದರಲ್ಲಿ ಸಾಕಷ್ಟು ಇಂಡಿಯಾದಿಂದಲೇ ಬಂದದ್ದು.

ಪ್ರಶ್ನೆ ಕೇಳಿದವರು

ಕ್ಯಾಂಪ್ ಬೇಕೆಂದು ಅಲ್ಲಿನ ಪಾಸ್ಟರೇ ಕೇಳಿದ್ದಾರಲ್ಲ? ಬೇಡ ಎಂದರೆ ಬೇಸರ ಮಾಡಿಕೊಳ್ಳುವುದಿಲ್ಲವೇ?

ಕಂಪಾಲಾ ಕನ್ನಡಿಗ

ಅವರು ಕೇಳಿದ್ದು ಬಹುಶಃ ನೀವು "ಕ್ಯಾಂಪ್ ಮಾಡೋಣವೇ" ಎಂದು ಕೇಳಿದ ಮೇಲೆ. ಮನೆಗೆ ಬರುವ ಅತಿಥಿಗೆ ಬೇಡ ಅನ್ನುವವರಲ್ಲ ಇವರು. ಪ್ರಶ್ನೆ ತಿರುಗಿಸಿ ಕೇಳಿ: "ನಾವು ಬರದೇ ಇದ್ದರೆ ಈ ವರ್ಷ ಸಭೆ ಯಾವ ಕೆಲಸಕ್ಕೆ ದುಡ್ಡು ಕೂಡಿಸುತ್ತಿತ್ತು?" ನೀರಿನ ಟ್ಯಾಂಕೋ, ಶೌಚಾಲಯದ ಬಾಗಿಲೋ, ಹೊರಬರುವುದು ಆಗ.

ಆರೋಗ್ಯದ ಕೆಲಸ ಬೇಕೇ ಬೇಕು ಅಂದರೆ ಹತ್ತಿರದ ಸರ್ಕಾರಿ ಹೆಲ್ತ್ ಸೆಂಟರ್ 3ರ (ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ ಥರದ್ದು) ಇನ್‌ಚಾರ್ಜ್ ಮೂಲಕ ಹೋಗಿ. ಅವರ ಜೊತೆ ಊರಿನ ಆರೋಗ್ಯ ಕಾರ್ಯಕರ್ತರು ಇರುತ್ತಾರೆ, ನಮ್ಮ ಆಶಾ ಅಕ್ಕಂದಿರ ಥರ. ನಿಮ್ಮ ಹುಡುಗಿಯರು ಅವರ ಜೊತೆ ಹೋಗಿ ಸಹಾಯ ಮಾಡಲಿ. ಬಿಪಿ ಜಾಸ್ತಿ ಇದೆ ಎಂದು ಹೇಳಿ ವಿಮಾನ ಹತ್ತಿದರೆ ಮಾರನೇ ತಿಂಗಳ ಮಾತ್ರೆ ಯಾರು ಕೊಡುತ್ತಾರೆ?

ವೀಸಾ ವಿಷಯ ಮರೆತಿದ್ದೆ. ಟೂರಿಸ್ಟ್ ವೀಸಾ ಆನ್‌ಲೈನ್‌ನಲ್ಲಿ ಸಿಗುತ್ತದೆ, ಆದರೆ ನೀವು ಬರುವುದು ಕೆಲಸಕ್ಕೆ. ನಿಮ್ಮ ಕಾರ್ಯಕ್ರಮಕ್ಕೆ ಯಾವ ಅನುಮತಿ ಬೇಕೆಂದು ಆತಿಥೇಯ ಸಭೆ ಇಮಿಗ್ರೇಶನ್‌ನಲ್ಲಿ ಕೇಳಿ ಬರಹದಲ್ಲಿ ಕಳಿಸಲಿ. ಎಂಟೆಬ್ಬೆ ಏರ್‌ಪೋರ್ಟ್ ಕೌಂಟರಿನಲ್ಲಿ 11 ಜನ 11 ಉತ್ತರ ಕೊಡಬೇಡಿ.

ಇನ್ನೊಂದು. ಇಲ್ಲಿ ಭಾರತೀಯ ಅಂದರೆ ಅಂಗಡಿ ಮಾಲೀಕ. 1972ರಲ್ಲಿ ಇದಿ ಅಮೀನ್ 90 ದಿನದ ಗಡುವು ಕೊಟ್ಟು ಏಷ್ಯನ್ನರನ್ನು ಓಡಿಸಿದ್ದು ಇಲ್ಲಿ ಎಲ್ಲರಿಗೂ ನೆನಪಿದೆ, ಆಮೇಲೆ ಬಂದವರಲ್ಲೂ ದೊಡ್ಡ ವ್ಯಾಪಾರಿಗಳಿದ್ದಾರೆ. ದಾರಿಯಲ್ಲಿ ಚಾಕಲೇಟ್, ನೋಟು ಹಂಚಿದರೆ ಅದೇ ಸಂಬಂಧ ಗಟ್ಟಿಯಾಗುತ್ತದೆ. ಕೊಡುವುದೆಲ್ಲ ಸಭೆಯ ಕಮಿಟಿ ಕೈಯಿಂದ ಹೋಗಲಿ.

ಊಟಕ್ಕೆ ಚಿಂತೆ ಬೇಡ. ಮೆಕ್ಕೆಜೋಳದ ಹಿಟ್ಟಿನ ಪೋಶೋ, ಬೀನ್ಸ್, ಬೇಯಿಸಿದ ಬಾಳೆಕಾಯಿಯ ಮಟೋಕೆ, ಶೇಂಗಾ ಸಾರು. ಪಶ್ಚಿಮದ ಕಡೆಯವರ ಮನೆಯಲ್ಲಿ ಕಾಲೋ ಕೊಟ್ಟರೆ ಬಿಡಬೇಡಿ, ರಾಗಿ ಮುದ್ದೆಯೇ ಅದು.

ಸಂಡೇಸ್ಕೂಲ್ ಟೀಚರ್

ವಿಬಿಎಸ್‌ಗೆ: 60 ಮಕ್ಕಳೆಂದು ಹೇಳಿದ್ದರೆ 200ಕ್ಕೆ ತಯಾರಿರಿ. ಸುದ್ದಿ ಹಬ್ಬಿದ ಎರಡನೇ ದಿನ ಪಕ್ಕದ ಹಳ್ಳಿಯವರೂ ಬರುತ್ತಾರೆ. ಆದ್ದರಿಂದ ಮಗುವಿಗೊಂದು ಕಿಟ್ ಬೇಕಾಗುವ ಕ್ರಾಫ್ಟ್ ಬೇಡವೇ ಬೇಡ. ಮೂವತ್ತನೇ ಮಗುವಿಗೆ ಮುಗಿದರೆ ಅಳು, ನೂಕಾಟ. ಬಟ್ಟೆಯ ಮೇಲೆ ಬರೆದ ದೊಡ್ಡ ಚಿತ್ರ, ಹಗ್ಗ, ಎರಡು ಚೆಂಡು, ಹಾಡು. ಚಾರ್ಟ್ ಪೇಪರ್ ಮಳೆಗೆ ನಿಲ್ಲುವುದಿಲ್ಲ. ಪಾಠವನ್ನು ಊರಿನ ಟೀಚರೇ ಅಲ್ಲಿನ ಭಾಷೆ ಲುಗಾಂಡಾದಲ್ಲಿ ಹೇಳಲಿ, ನೀವು ಆಟ ಮತ್ತು ಗುಂಪು ನೋಡಿಕೊಳ್ಳಿ.

ಇಂಗ್ಲಿಷ್‌ನಲ್ಲಿ ಮಾತಾಡಿ ಅನುವಾದ ಮಾಡಿಸುವುದಾದರೆ ಒಂದು ವಾಕ್ಯ, ನಿಲ್ಲಿ, ಇನ್ನೊಂದು ವಾಕ್ಯ. 20 ನಿಮಿಷದ ಸಂದೇಶ 40 ಆಗುತ್ತದೆ. ಅನುವಾದಕರಿಗೆ ಹಿಂದಿನ ರಾತ್ರಿಯೇ ವಚನಗಳ ಪಟ್ಟಿ ಕೊಡಿ. ಮಕ್ಕಳ ಮುಖ ಕಾಣುವ ಫೋಟೋಗೆ ಹೆತ್ತವರ ಒಪ್ಪಿಗೆ ಬೇಕು; ಫೇಸ್‌ಬುಕ್‌ಗೆ ಹಾಕುವುದು ತಂಡದಲ್ಲಿ ಒಬ್ಬರೇ. ಯಾವ ದೊಡ್ಡವರೂ ಒಂದು ಮಗುವಿನೊಂದಿಗೆ ಒಂಟಿಯಾಗಿ ಇರಬಾರದು, ಪಾಸ್ಟರ್ ಆದರೂ. ಅನಾಥಾಶ್ರಮ ಭೇಟಿ ಸೇರಿಸಬೇಡಿ. ಅಂಥ ಕಡೆ ಇರುವ ಬಹಳಷ್ಟು ಮಕ್ಕಳಿಗೆ ತಂದೆಯೋ ತಾಯಿಯೋ ಇದ್ದೇ ಇರುತ್ತಾರೆ, ನೋಡಲು ಬರುವವರು ಹೆಚ್ಚಿದಷ್ಟೂ ಮಕ್ಕಳನ್ನು ತಂದು ಸೇರಿಸುವುದೂ ಹೆಚ್ಚುತ್ತದೆ.

ಹುಡುಗಿಯರಿಗೆ ಹಳ್ಳಿಯಲ್ಲಿ ಮೊಣಕಾಲು ಮುಚ್ಚುವ ಸ್ಕರ್ಟ್ ಅಥವಾ ಚೂಡಿದಾರ್. ಅಲ್ಲಿನ ಹೆಂಗಸರು ಮಂಡಿಯೂರಿ ನಮಸ್ಕಾರ ಹೇಳಿದರೆ ಗಾಬರಿಯಾಗಿ ಕೈಹಿಡಿದು ಎಬ್ಬಿಸಬೇಡಿ, ಅದು ಬುಗಾಂಡಾ ಪ್ರಾಂತ್ಯದ ಮರ್ಯಾದೆ. ಬಗ್ಗಿ, "ವೆಬಾಲೆ" (ಧನ್ಯವಾದ) ಅನ್ನಿ.

ಸಭೆಯ ಖಜಾಂಚಿ

ದುಡ್ಡಿನ ಬಗ್ಗೆ ಯಾರೂ ಹೇಳಲಿಲ್ಲ. ನಿಮ್ಮ ಸಭೆ ನೋಂದಾಯಿತ ಟ್ರಸ್ಟ್ ಆಗಿದ್ದರೆ, ಟ್ರಸ್ಟಿನ ಹಣವನ್ನು ಭಾರತದ ಹೊರಗಿನ ಕೆಲಸಕ್ಕೆ ಖರ್ಚು ಮಾಡಿದರೆ ಕೇಂದ್ರ ನೇರ ತೆರಿಗೆ ಮಂಡಳಿಯ ವಿಶೇಷ ಅನುಮತಿ ಇಲ್ಲದೆ ಆದಾಯ ತೆರಿಗೆ ವಿನಾಯಿತಿಗೆ ಅದು ಲೆಕ್ಕಕ್ಕೆ ಬರುವುದಿಲ್ಲ. ಭಾನುವಾರದ ಕಾಣಿಕೆಯಿಂದ ಟಿಕೆಟ್ ತೆಗೆಯುವ ಮೊದಲು ಆಡಿಟರನ್ನು ಕೇಳಿ. ಹೋಗುವವರು ತಮ್ಮ ಖರ್ಚನ್ನು ತಾವೇ ಹಾಕಿಕೊಳ್ಳುವುದು ಸುಲಭದ ದಾರಿ.

ಡಾಲರ್ ನೋಟು ಹೊಸತಾಗಿರಲಿ, ಮಡಿಕೆ ಗೀಟು ಇರಬಾರದು. ಹಳೆಯ ಸರಣಿಯವನ್ನು ವಾಪಸ್ ಕೊಡುತ್ತಾರೆ. 100ರ ನೋಟಿಗೆ ಸಿಗುವ ದರ 10, 20ರದ್ದಕ್ಕೆ ಸಿಗುವುದಿಲ್ಲ. ಪಾಸ್‌ಪೋರ್ಟ್ ತೋರಿಸಿ ಒಂದು ಸಿಮ್ ತೆಗೆದು ಮೊಬೈಲ್ ಮನಿ (ಫೋನ್ ನಂಬರಿನ ಹಣದ ಖಾತೆ) ಮಾಡಿಸಿಕೊಂಡರೆ ಪೇಂಟ್ ಅಂಗಡಿಗೂ ವ್ಯಾನಿಗೂ ಅದರಲ್ಲೇ ಕೊಡಬಹುದು, ಲೆಕ್ಕವೂ ಉಳಿಯುತ್ತದೆ. ಇನ್ಶೂರೆನ್ಸ್‌ನಲ್ಲಿ ಎರಡು ಸಾಲು ಹುಡುಕಿ: ತುರ್ತು ಸ್ಥಳಾಂತರ ಇದೆಯೇ, ಮೋಟಾರ್‌ಬೈಕ್ ಅಪಘಾತ ಬಿಟ್ಟಿದ್ದಾರೆಯೇ. ಬೋಡಾ (ಬಾಡಿಗೆ ಬೈಕ್) ಹತ್ತಬಾರದು, ಕತ್ತಲಾದ ಮೇಲೆ ಹೆದ್ದಾರಿ ಪ್ರಯಾಣ ಬೇಡ ಎಂದು ಮೊದಲೇ ಎಲ್ಲರ ಸಹಿ ಹಾಕಿಸಿಕೊಳ್ಳಿ.

ಟ್ರಾವೆಲ್ ಕ್ಲಿನಿಕ್ ನರ್ಸ್

ಲಗೇಜಿಗೆ ಒಂದು ಸೇರಿಸಿ: ಸಣ್ಣ ಇಸ್ತ್ರಿಪೆಟ್ಟಿಗೆ. ಹೊರಗೆ ಒಣಹಾಕಿದ ಬಟ್ಟೆಯ ಮೇಲೆ ಟುಂಬು ನೊಣ ಮೊಟ್ಟೆಯಿಡುತ್ತದೆ. ಅದನ್ನು ತೊಟ್ಟರೆ ಮರಿ ಚರ್ಮದೊಳಗೆ ಹೊಕ್ಕು ಗುಳ್ಳೆಯಾಗುತ್ತದೆ. ಒಳಉಡುಪಿನ ಎಲಾಸ್ಟಿಕ್, ಹೊಲಿಗೆ ಸಮೇತ ಎರಡೂ ಬದಿ ಬಿಸಿ ತಾಗಬೇಕು. ಪ್ಲಗ್ ನಮ್ಮ ಗುಂಡು ಪಿನ್ನಲ್ಲ, ಚಪ್ಪಟೆ ಮೂರು ಪಿನ್ನಿನ ಬ್ರಿಟಿಷ್ ಥರದ್ದು. ಅಡಾಪ್ಟರ್ 11 ಬೇಡ, ನಾಲ್ಕು ಅಡಾಪ್ಟರ್, ಎರಡು ಎಕ್ಸ್‌ಟೆನ್ಶನ್ ಬೋರ್ಡ್ ಸಾಕು.