ಬಳ್ಳಿಗಾವಿ ಸುತ್ತ ಹಳೇ ಊರುಗಳ ಜಾಲ: ಅಂಕೋರ್ ಕ್ರಮ ಇಲ್ಲಿ ನಡೆಯುತ್ತದೆಯೇ?

ಪ್ರಶ್ನೆ (ಶಿಕಾರಿಪುರ):
ಕಾಂಬೋಡಿಯಾದ ಅಂಕೋರ್ ಭಾಗದಲ್ಲಿ 2012ರ ಲೈಡಾರ್ (ವಿಮಾನದಿಂದ ಲೇಸರ್ ಕಿರಣ ಬಿಟ್ಟು ನೆಲದ ಏರಿಳಿತ ಅಳೆಯುವ ವಿಧಾನ) ಸಮೀಕ್ಷೆ ಕಾಡಿನಡಿಯ ರಸ್ತೆ, ಕೊಳ, ಮನೆದಿಬ್ಬಗಳನ್ನು ತೋರಿಸಿತು. ಬಳ್ಳಿಗಾವಿ, ತಾಳಗುಂದದಲ್ಲಿ ದೇವಸ್ಥಾನಗಳನ್ನು ಸಾಕುತ್ತಿದ್ದ ಊರುಗಳನ್ನು ಹೀಗೇ ಹುಡುಕಬಹುದೇ? ಶುರು ಎಲ್ಲಿಂದ?

ಉತ್ತರ (ಸಾಗರ):
ಶಾಸನಗಳಿಂದ. ಅಂಕೋರ್‌ನ ತಾ ಪ್ರೋಮ್ ದೇವಸ್ಥಾನದ 1186ರ ಶಾಸನ 3,140 ಊರು, 79,365 ಜನರ ಸೇವೆಯ ಲೆಕ್ಕ ಕೊಡುತ್ತದೆ. ಯಾವ ಲೈಡಾರೂ ಇದನ್ನು ಹೇಳಲಾರದು. ನಿಮ್ಮ ತಾಲ್ಲೂಕಿನ ಶಾಸನಗಳು ಎಪಿಗ್ರಾಫಿಯಾ ಕರ್ನಾಟಿಕ ಎಂಬ ಶಾಸನ ಸಂಗ್ರಹದ 7ನೇ ಸಂಪುಟದಲ್ಲಿವೆ, ಸೊರಬ ಸಾಗರದವು 8ರಲ್ಲಿ. ಪ್ರತಿ ದತ್ತಿಯ ಊರು, ಎಲ್ಲೆ, ಕೆರೆ, ಗದ್ದೆಯನ್ನು ಬೇರೆ ಬೇರೆ ಕಾಲಮ್ಮಿನಲ್ಲಿ ಬರೆದು ಕಂದಾಯದ ಗ್ರಾಮನಕ್ಷೆಯ ಮೇಲೆ ಗುರುತಿಸಿ. ಬೇಚಿರಾಕ್ (ಈಗ ಜನವಸತಿ ಇಲ್ಲದ) ಗ್ರಾಮಗಳನ್ನು ಖಂಡಿತ ಬಿಡಬೇಡಿ, ಕಳೆದುಹೋದ ಹೆಸರು ಸಿಗುವುದು ಅಲ್ಲೇ. ಶಾಸನದ ಕಲ್ಲು ಈಗ ನಿಂತಿರುವ ಜಾಗವೇ ಮೂಲ ಜಾಗ ಎಂದುಕೊಂಡರೆ ನಕ್ಷೆ ಪೂರಾ ಕೆಡುತ್ತದೆ.

ಉತ್ತರ (ತೀರ್ಥಹಳ್ಳಿ):
ಅಂಕೋರ್ ನೆರೆ ಬರುವ ಸಮತಟ್ಟು ನೆಲ, ಅದಕ್ಕೇ ಮನೆಗಳು ದಿಬ್ಬದ ಮೇಲೆ. ನಮ್ಮ ಇಳಿಜಾರಿನಲ್ಲಿ ದಿಬ್ಬವಲ್ಲ, ಗುಡ್ಡ ಕಡಿದು ಮಾಡಿದ ತಟ್ಟು ಹುಡುಕಬೇಕು. ಲೈಡಾರ್ ಹಾರಾಟ ಫೆಬ್ರವರಿ-ಮಾರ್ಚ್‌ನಲ್ಲಿ ಒಳ್ಳೆಯದು. ನಿತ್ಯಹರಿದ್ವರ್ಣ ಕಾಡಲ್ಲಿ ಆಗಲೂ ನೆಲ ಮುಟ್ಟುವ ಕಿರಣ ಕಡಿಮೆ. ದತ್ತಾಂಶದಿಂದ ಗಿಡಮರಗಳನ್ನು ಅಳಿಸುವ ಫಿಲ್ಟರ್ ಬಿಗಿ ಮಾಡಿದರೆ ಅರ್ಧ ಮೀಟರ್ ಎತ್ತರದ ಅಡಿಪಾಯವೂ ಅಳಿಸಿಹೋಗುತ್ತದೆ. ಅಡಿಕೆ ತೋಟದ ಬಸಿಗಾಲುವೆ, ಬೇಲಿಯ ಅಗಳು ಹಳೇ ರಸ್ತೆಯಂತೆಯೇ ಕಾಣುತ್ತವೆ. ಪ್ರತಿಯೊಂದನ್ನೂ ನಡೆದು ನೋಡಲೇಬೇಕು.

ಉತ್ತರ (ಸೊರಬ):
ನಡೆಯುವಾಗ ಗುದ್ದಲಿ ಬೇಡ. ಉತ್ತ ಹೊಲದಲ್ಲಿ ಮೊದಲ ಮಳೆ ಬಿದ್ದ ಮೇಲೆ ಮಡಕೆ ಚೂರು ಚೆನ್ನಾಗಿ ಕಾಣುತ್ತದೆ; 10 ಮೀಟರ್ ಚೌಕಗಳಲ್ಲಿ ಎಣಿಸಿ, ಅಳತೆಪಟ್ಟಿ ಇಟ್ಟು ಫೋಟೊ ತೆಗೆದು, ಅಲ್ಲೇ ಬಿಡಿ. ಅಗೆತಕ್ಕೆ ಪುರಾತತ್ವ ಸರ್ವೇಕ್ಷಣದ ಪರವಾನಗಿ ಕಡ್ಡಾಯ. ಕೇಂದ್ರದ ಸಂರಕ್ಷಿತ ಸ್ಮಾರಕವಾದರೆ 100 ಮೀಟರ್ ನಿಷೇಧಿತ, ಆಚೆಗಿನ 200 ಮೀಟರ್ ನಿಯಂತ್ರಿತ ಪ್ರದೇಶ.